ಚೌಕಿ ಹಲಗೆಯ ಊಟದ ಮೇಜು

ಅಪ್ಪಯ್ಯ ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗಿ ಮೂರು ತಿಂಗಳಾಗಿತ್ತು. ಹಸಿವು ಚೆನ್ನಾಗಿಯೇ ಇತ್ತು, ಮೊಣಕಾಲು ಕೈಕೊಟ್ಟಿತ್ತು. ನೆಲದ ಮೇಲೆ ಮಣೆ ಹಾಕಿ ಕೂರಲು ಅವರಿಗೆ ಐದು ನಿಮಿಷ ಬೇಕು, ಏಳಲು ನನ್ನ ಹೆಗಲು ಬೇಕು. ಮಧ್ಯಾಹ್ನ ಮೂರಕ್ಕೆ ನಾನು ಪತ್ರಿಕೆಯ ಕಚೇರಿಗೆ ಹೊರಟುಬಿಟ್ಟರೆ ಸಂಜೆಯ ಊಟಕ್ಕೆ ಆ ಹೆಗಲಿಲ್ಲ. ಅಮ್ಮ ತೀರಿಕೊಂಡು ಆಗಲೇ ಎರಡು ವರ್ಷ. ಮನೆಯಲ್ಲಿ ನಾವಿಬ್ಬರೇ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಎರಡು ಹೊತ್ತೂ ನುಂಗುತ್ತಿದ್ದರು. ಹೀಗೆ ಎರಡು ಸಲ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದರು.

ಇಲ್ಲಿ ಬನಾರಸ್ಸಿನ ವಿಶ್ವವಿದ್ಯಾಲಯದಲ್ಲಿದ್ದ ನಮ್ಮ ಊರ ಕಡೆಯ ವೈದ್ಯರೊಬ್ಬರು ಮನೆಗೇ ಬಂದು ನೋಡಿದರು.

"ಭಟ್ಟರೇ, ಇನ್ನು ನೆಲ ಬಿಡಿ. ಮೇಜು ಕುರ್ಚಿ ಹಾಕಿಸ್ಕೊಳ್ಳಿ. ಎರಡು ಹೊತ್ತು ಉಣ್ಣದೆ ಈ ಮಾತ್ರೆ ತಗೊಂಡ್ರೆ ಮೂರನೇ ಸಲ ಬಿದ್ದಾಗ ಏಳೋದಿಲ್ಲ."

"ಅಂಗಡಿ ಮೇಜಾ? ಯಾವ ಮರವೋ, ಅದರ ಮೇಲೆ ಯಾರು ಎಂತ ಇಟ್ಟಿದ್ರೋ" ಎಂದರು ಅಪ್ಪಯ್ಯ. ಆಮೇಲೆ ನನ್ನ ಕಡೆ ತಿರುಗಿದರು. "ನನ್ನ ಚೌಕಿ ಇದೆಯಲ್ಲ. ಅದರ ಹಲಗೆಯಲ್ಲಿ ಮಾಡಿದ್ರೆ ಉಣ್ತೇನೆ."

ಚೌಕಿ ಎಂದರೆ ದಶಾಶ್ವಮೇಧ ಘಾಟಿನಲ್ಲಿ ದೊಡ್ಡ ಕೊಡೆಯ ಕೆಳಗೆ ಪುರೋಹಿತರು ಕೂರುವ ಮರದ ಮಂಚ. ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಸಂಕಲ್ಪ, ಪಿಂಡ, ಅಸ್ಥಿ ವಿಸರ್ಜನೆ ಮಾಡಿಸುತ್ತಾ ಅಪ್ಪಯ್ಯ ಮೂವತ್ತು ವರ್ಷ ಅದರ ಮೇಲೆ ಕೂತಿದ್ದರು. ಮೊಣಕಾಲು ಸೋತ ಮೇಲೆ ಅದನ್ನು ಠೇಲಾಗಾಡಿಯಲ್ಲಿ ಅಸ್ಸಿ ಘಾಟಿನ ಹಿಂದಿನ ನಮ್ಮ ಗಲ್ಲಿಗೆ ತರಿಸಿ ಅಂಗಳದ ಗೋಡೆಗೆ ಒರಗಿಸಿದ್ದರು. ಕೇಳಿಕೊಂಡು ಬಂದವರಿಗೆ ಯಾರಿಗೂ ಕೊಟ್ಟಿರಲಿಲ್ಲ.

ನನಗೆ ಬೆಳಗಿನ ಹೊತ್ತು ಬಿಡುವಿತ್ತು. ಮರಗೆಲಸ ಗೊತ್ತಿರಲಿಲ್ಲ. ನದಿಯಾಚೆಯ ರಾಮನಗರದ ಒಬ್ಬ ಮುದುಕ ಬಡಗಿ ಸೇತುವೆ ದಾಟಿ ಸೈಕಲ್ಲಿನಲ್ಲಿ ಬಂದು ಹೇಳಿಕೊಡಲು ಒಪ್ಪಿದ. ಕಾಲುಗಳನ್ನು ಅವನೇ ಕೊರೆದು ಕೊಟ್ಟ. ಮೊಳೆ ಕೀಳುವುದು, ಜೋಡಿಸುವುದು, ಉಜ್ಜುವುದು ನನ್ನ ಪಾಲು. ನಾಲ್ಕು ಹಲಗೆ, ಗಟ್ಟಿಯಾದ ಸಾಖೂ ಮರ. ಎಣ್ಣೆ, ಕುಂಕುಮ, ಎಳ್ಳು, ಹಿಟ್ಟು ಎಲ್ಲ ಕುಡಿದು ಮೇಲ್ಮೈ ಕಪ್ಪಾಗಿ ಎಮ್ಮೆಯ ಚರ್ಮದಂತಾಗಿತ್ತು. ರಂದಾ ಹೊಡೆದು ಮೇಲ್ಪದರ ಕೀಸಿದಾಗ ಒಳಗಿನಿಂದ ತಿಳಿ ಕಂದು ಬಣ್ಣ ಬಂತು. ನಾನು ಒರಟು ಉಪ್ಪುಕಾಗದದಿಂದ ಶುರುಮಾಡಿ ನಯವಾದದ್ದರ ತನಕ ಎಂಟು ಬೆಳಗು ಉಜ್ಜಿದೆ. ಕೊನೆಗೆ ಹಲಗೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಬಿಸಿಲಿಗೆ ಓರೆ ಹಿಡಿದು ಅಂಗುಲ ಅಂಗುಲ ನೋಡಿದ್ದೆ.

ಬಣ್ಣದ ವಿಷಯಕ್ಕೆ ಜಗಳವಾಯಿತು. ಬಡಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶ್ ಹೇಳಿದ. ಅಪ್ಪಯ್ಯ ಕೂತಲ್ಲಿಂದಲೇ ಕೈ ಆಡಿಸಿದರು.

"ಹುಳದ ಅಂಟು, ಮೇಲೆ ಸಾರಾಯಿ. ಅದರ ಮೇಲೆ ಅನ್ನ ಬಡಿಸ್ತೀಯಾ?"

ಅದನ್ನು ನಾನು ಹಿಂದಿಯಲ್ಲಿ ಹೇಳಿದಾಗ ಬಡಗಿ ನಕ್ಕ. "ಪಂಡಿತ್‌ಜೀ, ತಬ್ ಕತ್ಥಾ ಲಗಾಯೀಂ, ಕತ್ಥಾ ಬಳೀರಿ. ಬನಾರಸ್‌ನಲ್ಲಿ ಎಲ್ಲರ ಬಾಯಿ ಕೆಂಪು, ನಿಮ್ಮ ಮೇಜಿನದೂ ಆಗಲಿ."

ಕತ್ಥಾ ಎಂದರೆ ವೀಳ್ಯಕ್ಕೆ ಹಾಕುವ ಕಾಚು. ನೀರಿನಲ್ಲಿ ಕುದಿಸಿ ಸೋಸಿ ಮರಕ್ಕೆ ಬಳಿದರೆ ಕೆಂಗಂದು ಬಣ್ಣ ಬರುತ್ತದೆ, ಮೇಲೆ ಅಗಸೆ ಎಣ್ಣೆ ಹಚ್ಚಿದರೆ ಹೊಳಪು. ಅವನ ಅಪ್ಪನ ಕಾಲದಲ್ಲಿ ಹಾಗೇ ಮಾಡುತ್ತಿದ್ದರಂತೆ. ಅಪ್ಪಯ್ಯನಿಗೆ ಇದರಲ್ಲಿ ತಪ್ಪು ಕಾಣಲಿಲ್ಲ.

ಕಾಚು ಬಳಿದದ್ದು ಒಂದು ಮಂಗಳವಾರ ಬೆಳಿಗ್ಗೆ. ಬಟ್ಟೆಯಲ್ಲಿ ಅದ್ದಿ ಮರದ ಎಳೆಯ ಉದ್ದಕ್ಕೆ ಎಳೆದೆ. ಬಣ್ಣ ಒಂದೇ ಸಮ ಹಿಡಿಯಿತು. ಬಡಗಿ ಬಂದಾಗ ತೋರಿಸಬೇಕೆಂದು ಕೈ ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಹಲಗೆಯ ಮೇಲೆ ವೃತ್ತಗಳು ಎದ್ದಿದ್ದವು.

ಮೊದಲು ಮೂರು. ನಾನು ನೋಡುತ್ತಿದ್ದಂತೆ ಇನ್ನೂ ಎರಡು. ಬೂದು ಬಣ್ಣದಲ್ಲಿ ಶುರುವಾಗಿ ನಿಧಾನಕ್ಕೆ ಕಪ್ಪಾದವು. ಮೇಜು ಒಣಗುತ್ತಾ ಬರುವ ಹೊತ್ತಿಗೆ ಹನ್ನೊಂದು. ಕೆಲವು ಒಂದರ ಮೇಲೊಂದು ಬಿದ್ದಿದ್ದವು. ಒಂದು ಮಾತ್ರ ಬಲ ಮೂಲೆಯಲ್ಲಿ ಬೇರೆಯಾಗಿ, ಪೂರ್ಣವಾಗಿತ್ತು.

ಬಡಗಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಅವನ ನಗು ಹೋಗಿತ್ತು.

"ಬಿಟಿಯಾ, ಇದು ಅಖಬಾರ್ ಅಲ್ಲ, ಇವತ್ತು ತಪ್ಪು ಛಾಪಿಸಿ ನಾಳೆ ತಿದ್ದುಪಡಿ ಹಾಕೋಕೆ. ಮರ ಕುಡಿದದ್ದನ್ನ ಕತ್ಥಾ ಹೊರಗೆ ತರುತ್ತೆ."

"ಏನು ಕುಡಿದದ್ದು?"

"ಕಬ್ಬಿಣ ಇಟ್ಟಿದ್ರೆ ಕಪ್ಪಾಗುತ್ತೆ. ಸುಣ್ಣ ಬಿದ್ದಿದ್ರೆ ಆಗುತ್ತೆ. ರಾಖ್ ಬಿದ್ದಿದ್ರೂ ಆಗುತ್ತೆ."

ರಾಖ್ ಎಂದರೆ ಬೂದಿ. ಅಷ್ಟು ಹೇಳಿ ಅವನು ನನ್ನ ಮುಖ ನೋಡಲಿಲ್ಲ. ಹಲಗೆ ತಿರುಗಿಸಿ ಹಾಕೋಣ, ಅಡಿಭಾಗ ಶುದ್ಧವಾಗಿದೆ, ಅರ್ಧ ದಿನದ ಕೆಲಸ ಎಂದ.

ನಾನು ಚಿಕ್ಕವಳಿದ್ದಾಗ ಶಾಲೆ ಮುಗಿಸಿ ಘಾಟಿಗೆ ಹೋಗುತ್ತಿದ್ದೆ. ಊರಿನಿಂದ ಬಂದವರು ಕೆಂಪು ಬಟ್ಟೆ ಕಟ್ಟಿದ ಕುಡಿಕೆಯನ್ನು, ಕೆಲವರು ಸ್ಟೀಲ್ ಡಬ್ಬಿಯನ್ನು ಚೌಕಿಯ ಮೇಲಿಟ್ಟು ಸಂಕಲ್ಪಕ್ಕೆ ಕೂರುವುದನ್ನು ನೋಡಿದ್ದೆ. ಅವು ಒದ್ದೆಯಾಗಿರುತ್ತಿದ್ದವು. ಅಪ್ಪಯ್ಯನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅವರು ಈ ಮೇಜನ್ನು ನೋಡಿದರೆ ಒಂದು ಹೊತ್ತಿನ ಊಟವನ್ನೂ ಬಿಡಬಹುದು ಎಂಬ ಭಯ ನನ್ನದು. ಹಲಗೆ ತಿರುಗಿಸಲು ನಾಳೆಯೇ ಬಾ ಎಂದು ಬಡಗಿಗೆ ಹೇಳಿದೆ. ಹಿಂದೆಯೇ ಊರುಗೋಲಿನ ಸದ್ದಾಯಿತು.

ಅಪ್ಪಯ್ಯ ಮೇಜಿನ ಸುತ್ತ ಒಂದು ಸುತ್ತು ಬಂದರು. ಎಲ್ಲೂ ನಿಲ್ಲಲಿಲ್ಲ.

"ತಿರುಗಿಸೋದು ಬ್ಯಾಡ."

"ಅಪ್ಪಯ್ಯ, ಈ ಕಲೆ…"

"ನನ್ನ ತಂಬಿಗೆದು. ಮೂವತ್ತು ವರ್ಷ ನೀರು ತುಂಬಿದ ತಂಬಿಗೆ ಇಟ್ಟ ಜಾಗ ಕಪ್ಪಾಗದೆ ಬೆಳ್ಳಗಾಗ್ತದಾ? ಪೇಪರಿನವಳಿಗೆ ಎಲ್ಲದರಲ್ಲೂ ಒಂದು ಸುದ್ದಿ ಬೇಕು ಮಾರಾಯ್ತಿ."

ಬಡಗಿ ತಲೆಯಾಡಿಸಿ ಎಣ್ಣೆಯ ಡಬ್ಬಿ ತೆಗೆದು ನನಗೆ ಕೊಟ್ಟ. ಮಧ್ಯಾಹ್ನ ಅವರು ಮಲಗಿದ ಮೇಲೆ ದೇವರ ಕೋಣೆಯಿಂದ ಆ ಹಿತ್ತಾಳೆ ತಂಬಿಗೆಯನ್ನು ತಂದು ಒಂದೊಂದೇ ವೃತ್ತದ ಮೇಲೆ ಇಟ್ಟು ನೋಡಿದೆ. ಹೇಳಿದ್ದನ್ನು ತಾಳೆ ನೋಡುವುದು ಪತ್ರಿಕೆಯ ಕೆಲಸದಿಂದ ಬಂದ ಅಭ್ಯಾಸ. ಎರಡರಲ್ಲಿ ತಂಬಿಗೆಯ ತಳ ಸರಿಯಾಗಿ ಕೂತಿತು. ಮಿಕ್ಕ ಎಂಟು ಬೇರೆ ಬೇರೆ ಅಳತೆಯವು, ಒಂದೂ ಕೂಡಲಿಲ್ಲ. ಬಲ ಮೂಲೆಯ ವೃತ್ತದಲ್ಲಿ ತಂಬಿಗೆಯ ಸುತ್ತಲೂ ಒಂದು ಬೆರಳಿನಷ್ಟು ಜಾಗ ಉಳಿಯಿತು.

ಆ ಅಳತೆಯನ್ನು ಟೇಪ್ ಹಿಡಿದು ನೋಡುವ ಅಗತ್ಯ ನನಗಿರಲಿಲ್ಲ. ಅಮ್ಮ ತೀರಿಕೊಂಡದ್ದು ಶಿವಮೊಗ್ಗದ ಹತ್ತಿರ, ತವರಿಗೆ ಹೋಗಿದ್ದಾಗ. ಅಲ್ಲಿಂದ ಮಣ್ಣಿನ ಕುಡಿಕೆಯನ್ನು ರೈಲಿನಲ್ಲಿ ತಂದವಳು ನಾನು. ಸೀಟಿನ ಕೆಳಗೆ ಇಡಲು ಮನಸ್ಸಾಗದೆ ಎರಡು ರಾತ್ರಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅದರ ತಳ ನನ್ನ ಬೊಗಸೆಯಲ್ಲಿ ಕೂರುತ್ತಿತ್ತು. ಘಾಟಿನಲ್ಲಿ ಆ ದಿನ ಬೆಳಗಿನಿಂದ ಮಳೆ. ನದಿ ಏರಿ ಚೌಕಿಗಳನ್ನೆಲ್ಲ ಮೇಲಿನ ಮೆಟ್ಟಿಲಿಗೆ ಎತ್ತಿಟ್ಟಿದ್ದರು. ದೋಣಿ ಬಿಡುವ ತನಕ ಕಾಯಬೇಕಾಯಿತು. ಕುಡಿಕೆಯನ್ನು ಚೌಕಿಯ ಬಲ ಮೂಲೆಯಲ್ಲಿ ಇಟ್ಟು ಅಪ್ಪಯ್ಯ ಮಧ್ಯಾಹ್ನದವರೆಗೂ ಅದರ ಪಕ್ಕ ಕೂತಿದ್ದರು. ಬಟ್ಟೆ ನೆನೆದು ಬೂದಿ ನೀರು ಹಲಗೆಗೆ ಇಳಿಯುತ್ತಿತ್ತು. ಒರೆಸಲು ಹೋದ ನನ್ನ ಕೈಯನ್ನು ಅವರು ಹಿಡಿದುಕೊಂಡಿದ್ದರು.

ತಂಬಿಗೆಯನ್ನು ತೆಗೆದು ಎರಡೂ ಅಂಗೈ ಜೋಡಿಸಿ ಆ ವೃತ್ತದ ಮೇಲೆ ಇಟ್ಟೆ. ಸರಿಯಾಗಿ ಕೂತಿತು. ಮರ ತಣ್ಣಗಿತ್ತು, ಕಾಚು ಒಣಗದ ಕಡೆ ಸ್ವಲ್ಪ ಅಂಟುತ್ತಿತ್ತು. ತಂಬಿಗೆ ತೊಳೆದು ಇದ್ದಲ್ಲೇ ಇಟ್ಟೆ. ಅಪ್ಪಯ್ಯ ಒಪ್ಪದ ಈ ವಿಷಯಕ್ಕೆ ಇದ್ದ ಸಾಕ್ಷಿ ನಾನೊಬ್ಬಳೇ. ಒಬ್ಬರೇ ಹೇಳಿದ್ದನ್ನು ನಮ್ಮ ಕಚೇರಿಯಲ್ಲಿ ಅಚ್ಚಿಗೆ ಕಳಿಸುತ್ತಿರಲಿಲ್ಲ.

ಅಗಸೆ ಎಣ್ಣೆಯನ್ನು ಮೂರು ಸಲ ಹಚ್ಚಿದೆ, ಪ್ರತಿ ಸಲ ನಾಲ್ಕು ದಿನ ಒಣಗಿಸಿ. ಪ್ರತಿ ಸಲವೂ ವೃತ್ತಗಳು ಇನ್ನಷ್ಟು ಆಳದಲ್ಲಿ ಕಂಡವು, ನೀರಿನೊಳಗೆ ಇಟ್ಟಂತೆ. ಅಂಗಳ ದಾಟುವಾಗ ನಾನು ಆ ಕಡೆ ನೋಡುವುದನ್ನು ಬಿಟ್ಟಿದ್ದೆ. ಆದರೂ ಬೆನ್ನ ಹಿಂದೆ ಯಾರೋ ಊಟಕ್ಕೆ ಕಾಯುತ್ತಾ ಕೂತಿದ್ದಾರೆ ಅನ್ನಿಸುತ್ತಿತ್ತು, ಒಬ್ಬರಲ್ಲ, ಹಲವರು.

ಮೇಜನ್ನು ಅಡುಗೆಮನೆಯ ಪಕ್ಕಕ್ಕೆ ಸಾಗಿಸಿದ ದಿನ ಬಾಗಿಲಿಗೆ ಎದುರಾಗಿ, ವೃತ್ತಗಳು ಕಡಿಮೆ ಇರುವ ಕಡೆ ಅಪ್ಪಯ್ಯನ ಕುರ್ಚಿ ಹಾಕಿದೆ. ಅವರು ಮಡಿ ಪಂಚೆ ಉಟ್ಟು ಬಂದರು. ಕುರ್ಚಿಯನ್ನು ತಾವೇ ಎಳೆದುಕೊಂಡು ಹೋಗಿ ಇನ್ನೊಂದು ಬದಿಗೆ, ಗೋಡೆಗೆ ಎದುರಾಗಿ ಹಾಕಿಕೊಂಡರು. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ.

"ಇಲ್ಲಿ ಸೆಖೆ ಅಪ್ಪಯ್ಯ."

"ಇರಲಿ. ಬಡಿಸು."

ಎಲೆ ಹಾಕಿದೆ. ಅದನ್ನು ಅವರು ಸ್ವಲ್ಪ ಎಡಕ್ಕೆ ಸರಿಸಿದರು. ಅನ್ನ, ತೊವ್ವೆ ಬಡಿಸಿದ ಮೇಲೆ ಕೈಯಲ್ಲಿ ನೀರು ಹಿಡಿದು ಎಲೆಯ ಸುತ್ತ ಕಟ್ಟಿದರು. ಊಟಕ್ಕೆ ಮುಂಚೆ ಎಲೆಯ ಬಲಕ್ಕೆ ಅನ್ನದ ಅಗುಳುಗಳನ್ನು ಇಡುವ ಕ್ರಮವಿದೆ. ಚಿತ್ರಗುಪ್ತನಿಗೆ, ಯಮನಿಗೆ, ಸಕಲ ಭೂತಗಳಿಗೆ ಎಂದು ಹೇಳಿ ಇಡುವುದು. ನೆಲದ ಮೇಲೆ ಕೂತಿದ್ದಾಗ ಅವರು ಅದನ್ನು ಬೇಗ ಮುಗಿಸುತ್ತಿದ್ದರು, ಎಲೆಯ ಅಂಚಿಗೆ ಒತ್ತಾಗಿ. ಈ ದಿನ ಕೈ ಚಾಚಿ, ಬಲ ಮೂಲೆಯ ಕಪ್ಪು ವೃತ್ತದ ಒಳಗೆ, ನಡುವಿನಲ್ಲಿ ಇಟ್ಟರು. ತುಟಿ ಅಲುಗಿದ್ದು ಎಂದಿಗಿಂತ ಹೆಚ್ಚು ಹೊತ್ತು. ಆಮೇಲೆ ಉಂಡರು. ಹುಳಿಯನ್ನು ಎರಡನೆಯ ಸಲ ಕೇಳಿದರು.

ಎಲೆ ಎತ್ತಲು ಹೋದಾಗ ಅವರು ಕೈ ಅಡ್ಡ ಹಿಡಿದರು.

"ಎಲೆ ತಗೋ. ಆ ಮೂಲೆ ನಾನೇ ಒರೆಸ್ತೇನೆ."

ಅಗುಳುಗಳನ್ನು ಬೆರಳಿನಿಂದ ಒಂದೊಂದಾಗಿ ಎತ್ತಿ ಅಂಗೈಗೆ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ವೃತ್ತದ ಮೇಲೆ ನಿಧಾನಕ್ಕೆ ಸುತ್ತಿಸಿ ಒರೆಸಿದರು. ಮೂರು ಗಂಟೆಗೆ ನಾನು ಕಚೇರಿಗೆ ಹೊರಡುವಾಗ ಸಂಜೆಗೆಂದು ಅನ್ನ, ಸಾರು ಮುಚ್ಚಿಟ್ಟೆ. ರಾತ್ರಿ ತಿರುಗಿ ಬಂದಾಗ ಪಾತ್ರೆಗಳು ಖಾಲಿಯಾಗಿದ್ದವು. ಮೇಜು ಪೂರ್ತಿ ಒಣಗಿತ್ತು, ಆ ಮೂಲೆ ಮಾತ್ರ ಇನ್ನೂ ಒದ್ದೆಯಿತ್ತು.