ಲಾಂಗುಯ್ ಅತ್ತೆಯ ಸೀನು

ತೈವಾನಿನ ಬೆನ್ನುಮೂಳೆಯಂತಿರುವ ನಮ್ಮ ಬುನುನ್ ಜನರ ಬೆಟ್ಟಗಳಲ್ಲಿ ಚಂಡಮಾರುತಕ್ಕೆ ಸರ್ಕಾರ ಮುನ್ಸೂಚನೆ ಕೊಡುತ್ತದೆ. ಲಾಂಗುಯ್ ಅತ್ತೆಯ ಸೀನಿಗೆ ಕೊಡುವುದಿಲ್ಲ. ಅದೊಮ್ಮೆ ಸಿಡಿಯಿತೆಂದರೆ ಹೊಳೆಯಾಚೆಯ ಮರದಿಂದ ಹಕ್ಕಿಗಳು ಹಾರುತ್ತವೆ, ತೊಟ್ಟಿಲ ಕೂಸುಗಳು ಅಳು ಮರೆಯುತ್ತವೆ. ಒಂದು ವರ್ಷ ಊರಿನ ನವಣೆ ಬಿತ್ತನೆಯೇ ಅದರಿಂದ ಮುಂದೆ ಹೋಯಿತು. ಕೆಲಸಕ್ಕೆ ಹೊರಟಾಗ ಒಂಟಿ ಸೀನು ಕೇಳಿಸಿದರೂ ಅವತ್ತಿಗೆ ನಿಲ್ಲಿಸಿ ಮನೆಗೆ ಹೋಗಬೇಕು. ನಮ್ಮ ಕಟ್ಟಳೆ ಅದು. ಬೇಟೆಗಾರರಂತೂ ಅವಳ ಮನೆ ತಪ್ಪಿಸಲೆಂದೇ ಹೊಳೆ ಬಳಸಿ ಹೋಗುವ ಕಾಲುದಾರಿಯೊಂದನ್ನು ಸವೆಸಿಟ್ಟಿದ್ದರು.

ಅಂಥ ಮೂಗನ್ನು ಹೊತ್ತ ಅತ್ತೆ ಪಟ್ಟಣದ ನ್ಯಾಯಾಲಯದಲ್ಲಿ ದುಭಾಷಿ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ನಮ್ಮ ಭಾಷೆ ಆಡಿದ್ದಕ್ಕೆ ಕೊರಳಿಗೆ ಹಲಗೆ ನೇತುಹಾಕಿಸಿಕೊಂಡವಳು. ಈಗ ಅದೇ ಭಾಷೆ ಆಡಲು ಸರ್ಕಾರವೇ ಕರೆದು ಕುರ್ಚಿ ಹಾಕುತ್ತಿತ್ತು.

ಆ ದಿನ ಕಟಕಟೆಯಲ್ಲಿದ್ದವನು ನಮ್ಮ ಆಜಿಮಾನ್. ಹಾಸಿಗೆ ಹಿಡಿದ ತಾಯಿ ಕಾಡುಕುರಿಯ ಸಾರು ಬೇಕೆಂದಳೆಂದು ಬೆಟ್ಟ ಹತ್ತಿದ್ದ. ಯಾವ ಪ್ರಾಣಿ, ಎಷ್ಟು, ಯಾವಾಗ ಎಂದು ಮೊದಲೇ ಅರ್ಜಿ ಹಾಕಿ ಹೋಗಬೇಕೆಂಬುದು ಕಾನೂನು. ಅವನು ಹಾಕಿರಲಿಲ್ಲ. ಹಿಡಿದು ತಂದ ಪೇದೆ ದಾಹು ನಮ್ಮೂರಿನವನೇ, ಇನ್ನೂ ಮೀಸೆ ಬಲಿಯದ ಹುಡುಗ. ಅವನೇ ಅಂದು ಬಾಗಿಲು ಕಾಯುತ್ತಿದ್ದ. ಶಿಕ್ಷೆಯಾದರೆ ಆಜಿಮಾನ್‌ಗೆ ಜೈಲು. ಹೊರಬರುವಷ್ಟರಲ್ಲಿ ತಾಯಿ ಇರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ನಾವು ಬೆಂಚುಗಳಲ್ಲಿ ಉಗುರು ಕಚ್ಚುತ್ತ ಕೂತಿದ್ದೆವು.

"ಬೇಟೆಗೆ ಹೋಗಿದ್ದಿರಾ?" ನ್ಯಾಯಾಧೀಶೆ ಕೇಳಿದರು.

"ಬೆಟ್ಟ ನೋಡ್ಕೊಂಡ್ ಬರೋಣ ಅಂತ ಹೋಗಿದ್ದೆ," ಎಂದ ಆಜಿಮಾನ್. ಬೇಟೆ ಎಂಬ ಮಾತು ನಮ್ಮವರ ಬಾಯಲ್ಲಿ ಬರುವುದಿಲ್ಲ. ಬಂದರೆ ಬೆಟ್ಟ ಕೇಳಿಸಿಕೊಳ್ಳುತ್ತದೆ. ಅತ್ತೆ ಅಷ್ಟನ್ನೇ ಚೀನಿಯಲ್ಲಿ ಹೇಳಿದಳು. ಒಂದು ಮಾತು ಕೂಡಿಸುವಂತಿಲ್ಲ, ಕಳೆಯುವಂತಿಲ್ಲ ಎಂದು ಪ್ರಮಾಣ ಮಾಡಿದ್ದಳಲ್ಲ.

"ಬಂದೂಕ್ ಹಿಡ್ಕೊಂಡು ಬೆಟ್ಟ ನೋಡ್ತಾರೇನ್ರಿ?" ಸರ್ಕಾರಿ ವಕೀಲರು ನಕ್ಕರು. "ಅರ್ಜಿ ಯಾಕ್ ಹಾಕಲಿಲ್ಲ?"

"ನಾಳೆ ಯಾರ್ ಸೀನ್ತಾರೋ ನನಗೇನ್ ಗೊತ್ತು ಸ್ವಾಮಿ? ಸೀನು ಕೇಳಿಸಿದ್ರೆ ವಾಪಸ್ ಬರಬೇಕು. ಆಮೇಲೆ, ಮುಂಚೇನೇ ಹೇಳ್ಬಿಟ್ರೆ ಬೆಟ್ಟ ಏನೂ ಕೊಡಲ್ಲ."

ವಕೀಲರು ಕಾಯುತ್ತಿದ್ದುದು ಇದನ್ನೇ. ಆಚಾರ ಈಗಲೂ ನಡೆಯುತ್ತಿದ್ದರೆ ಮಾತ್ರ ನ್ಯಾಯಾಲಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಒಂದು ಸಂಶೋಧನಾ ವರದಿಯನ್ನು ಎತ್ತಿ ಹಿಡಿದರು. ಸೀನಿನ ಶಕುನವನ್ನು ಬುನುನ್ ಯುವಕರು ಈಗ ಪಾಲಿಸುವುದಿಲ್ಲ, ಅದು ಅಳಿದ ಆಚಾರ ಎಂದು ಯಾರೋ ಪ್ರಾಧ್ಯಾಪಕರು ಬರೆದಿದ್ದರು.

ಆ ಪ್ರಾಧ್ಯಾಪಕರು ನಮ್ಮೂರಿಗೆ ಬಂದದ್ದು ನನಗೆ ನೆನಪಿದೆ. ನವಣೆ ಕಡುಬು ತಿಂದು, ಹುಡುಗರನ್ನು ಕೂರಿಸಿಕೊಂಡು, ಬೇಟೆಯ ಶಕುನಗಳನ್ನು ಪಾಲಿಸುತ್ತೀರಾ ಎಂದು ಕೇಳಿದ್ದರು. ಮಾರನೇ ಬೆಳಿಗ್ಗೆ ಬೆಟ್ಟಕ್ಕೆ ಹೊರಡಲಿದ್ದ ಹುಡುಗರು ಆ ಮಾತು ಎತ್ತುತ್ತಾರೆಯೇ? "ಅದೆಲ್ಲ ನಮಗ್ ಗೊತ್ತಿಲ್ಲ ಸಾರ್," ಎಂದಿದ್ದರು. ಪಾಲಿಸಿದ್ದಕ್ಕೇ ಸುಳ್ಳು ಹೇಳಿದ್ದರು. ಆ ಸುಳ್ಳು ಈಗ ರಟ್ಟು ಕಟ್ಟಿಸಿಕೊಂಡು ಆಜಿಮಾನ್‌ನ ಕೊರಳಿಗೆ ಬಂದಿತ್ತು.

ನ್ಯಾಯಾಧೀಶೆ ನಿಟ್ಟುಸಿರಿಟ್ಟು ಗುಮಾಸ್ತನ ಕಡೆ ತಿರುಗಿದರು. "ಬರ್ಕೊಳ್ಳಿ. ಆರೋಪಿ ಹೇಳಿದ ಆಚಾರ ಈಗ ಚಾಲ್ತಿಯಲ್ಲಿ..."

ಆಗಲೇ ಅತ್ತೆಯ ಮೂಗಿನ ಹೊಳ್ಳೆ ಅದುರಿತು.

ಶುಭ ನುಡಿಯದ ಸೀನು, ಆಜಿಮಾನ್‌ನ ಹಣೆಬರಹ ಬರೆಯುವ ಗಳಿಗೆಯಲ್ಲಿ! "ಬೇಡ ಲಾಂಗುಯ್, ತಡ್ಕೋ!" ಪಕ್ಕದ ಮುದುಕಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಅತ್ತೆ ರಣರಂಗಕ್ಕಿಳಿದಳು. ಮೂಗು ಹಿಂಡಿದಳು, ಸೂರು ನೋಡಿದಳು, ನಾಲಗೆ ಕಚ್ಚಿದಳು. ಕಣ್ಣಲ್ಲಿ ನೀರು ತುಂಬಿತು. ಒಂದು ಕ್ಷಣ ಗೆದ್ದಳೆಂದೇ ಅಂದುಕೊಂಡೆವು.

ಕಿಟಕಿಯ ಗಾಜು ಗಲಗಲ ಎಂದಿತು. ಗುಮಾಸ್ತ ಲೇಖನಿ ಬಿಟ್ಟ.

ಯಾರೂ ಯಾರಿಗೂ ಹೇಳಲಿಲ್ಲ. ಬೆಂಚಿನಲ್ಲಿದ್ದ ನಾವಷ್ಟೂ ಜನ, ಮುದುಕರು, ಕಾಲೇಜು ಹುಡುಗಿಯರು, ಕಿವಿಗೆ ವೈರು ಸಿಕ್ಕಿಸಿಕೊಂಡ ಪಡ್ಡೆಗಳು, ಎದ್ದು ಬಾಗಿಲ ಕಡೆ ತಿರುಗಿದೆವು. ಆಜಿಮಾನ್ ಕಟಕಟೆಯಿಂದ ಇಳಿದ. ಅವನನ್ನು ತಡೆಯಬೇಕಾದ ದಾಹು ಟೋಪಿ ಹಾಕಿಕೊಂಡು ಬಾಗಿಲು ತೆರೆದೇಬಿಟ್ಟ.

"ಏಯ್ ಪೇದೆ! ಎಲ್ಲಿಗ್ ಹೊರಟೆ?" ವಕೀಲರು ಕಿರುಚಿದರು.

ದಾಹು ಬೆಪ್ಪಾಗಿ ನಿಂತ. "ಇವತ್ ಬೇಡ ಸಾರ್," ಎಂದ. "ಸೀನಾಯ್ತಲ್ಲ."

ನ್ಯಾಯಾಧೀಶೆ ಎದ್ದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಕೊನೆಗೆ ಆ ಹುಡುಗನ ಎಳೆ ಮೀಸೆಯನ್ನು ನೋಡಿದರು. "ವಕೀಲರೇ, ಆ ವರದಿ ಇಲ್ಲಿ ಕೊಡಿ. ಈಗ ಹೇಳಿ, ಅಳಿದದ್ದು ಯಾವ ಆಚಾರ?" ಎಂದು ಅಂದಿನ ಕಲಾಪ ಮುಂದೂಡಿದರು. ಮುಂದಿನ ಸಲ ಊರ ಹಿರಿಯರನ್ನೇ ಕರೆಸಿ ಕೇಳಿದರು. ಆಜಿಮಾನ್ ಬಿಡುಗಡೆಯಾಗಿ ಬಂದ. ತಾಯಿಗೆ ಸಾರು ಸಿಕ್ಕಿತು. ಯಾವ ಪ್ರಾಣಿಯದೆಂದು ನಾನು ಹೇಳಲಾರೆ, ಬೆಟ್ಟ ಕೇಳಿಸಿಕೊಳ್ಳುತ್ತದೆ.

ಅವನು ಬಿಡುಗಡೆಯಾದ ಸಂಜೆ ನವಣೆಯ ಹೆಂಡದ ಮಡಕೆ ನಡುವಿಟ್ಟು ಊರೇ ಅತ್ತೆಯ ಸುತ್ತ ಕೂತಿತು. ಕಾನೂನಿನ ಕಣ್ಣು ತೆರೆಸಿದ ಸೀನು, ಪೂರ್ವಜರೇ ಕಳಿಸಿದ ಸೀನು ಎಂದೆಲ್ಲ ಹೊಗಳಿದೆವು. ಕೊನೆಗೆ ನಾನೇ ಕೇಳಿದೆ: "ನಿಜ ಹೇಳ್ ಅತ್ತೆ, ಬೇಕಂತಲೇ ಸೀನಿದ್ಯಾ, ಇಲ್ಲ ಹಿರಿಯರು ಮೂಗೊಳಗೆ ಕೂತಿದ್ರಾ?"

ಅತ್ತೆ ಅಂಗಿಯ ತೋಳಲ್ಲೇ ಮೂಗೊರೆಸಿಕೊಂಡಳು.

"ಆ ಹಾಳಾದ್ ಎಸಿ ನನ್ ನೆತ್ತಿ ಮೇಲೇ ಇತ್ತು ಕಣೋ. ಸ್ವೆಟರ್ ಮರ್ತ್ ಹೋಗಿದ್ದೆ."