ಅರ್ಜಿಯಕ್ಕ ತಂದ ರೈಲು ನಿಲ್ದಾಣ

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಚಾದರ ಮಡಚೋದಕ್ಕೆ ಇಬ್ಬರು ಬೇಕು. ಹದಿನಾಲ್ಕು ವರ್ಷ ಒಂದು ತುದಿ ಜೊತೆ ಕೆಲಸದ ಅಕ್ಕನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬೆಳಿಗ್ಗೆ ಆರಕ್ಕೆ ಪಾಳಿ ಶುರುವಾಗುತ್ತಿತ್ತು. ಅಷ್ಟರೊಳಗೆ ಅಕ್ಕ ಎರಡು ಬಸ್ಸು ಬದಲಿಸಿ, ಒಂದೂವರೆ ಗಂಟೆ ಕಂಬಿ ಹಿಡಿದು ನಿಂತು ಬಂದಿರುತ್ತಿದ್ದಳು. ಮಡಚುವಾಗ ಒಮ್ಮೊಮ್ಮೆ ನಿಂತಲ್ಲೇ ತೂಕಡಿಸಿ ತನ್ನ ತುದಿ ಬಿಟ್ಟುಬಿಡುತ್ತಿದ್ದಳು.

ಹೊಸ ರೈಲು ಮಾರ್ಗ ಅವಳ ಬೀದಿಯ ಮೇಲೇ ಹಾದುಹೋಗುತ್ತೆ, ಆದರೆ ಅಲ್ಲಿ ನಿಲ್ಲೋದಿಲ್ಲ ಅಂತ ಗೊತ್ತಾದ ದಿನ ಅವಳಿಗೆ ರೇಗಿಹೋಯಿತು. "ತಲೆ ಮೇಲೆ ಹೋಗೋ ರೈಲು ಕಾಲಿಗೆ ಸಿಗಬಾರದೇನೇ?" ಅಂದಳು. ಅವತ್ತೇ ನನ್ನ ಕೈಯಲ್ಲಿ ಒಂದು ಅರ್ಜಿ ಬರೆಸಿದಳು.

ಮೊದಲ ಸಹಿ ಹಾಕಿದವನು ಅವಳ ಬೀದಿಯ ಮೂಲೆಯಲ್ಲಿದ್ದ ದರ್ಜಿ. ಬಾಡಿಗೆ ಅಂಗಡಿ, ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು. ಅಕ್ಕ ಕೆಲಸಕ್ಕೆ ಹೋದಾಗ ಅರ್ಜಿ ಆ ಮೇಜಿನ ಮೇಲಿರುತ್ತಿತ್ತು. ಅಳತೆ ಕೊಡಲು ಬಂದವರ ಕೈಗೆಲ್ಲ ಅವನು ಪೆನ್ನು ಕೊಡುತ್ತಿದ್ದ. "ಸ್ಟೇಷನ್ ಆದ್ರೆ ಜನ ಬರ್ತಾರೆ ಅಕ್ಕಾ, ನನ್ನ ಅಂಗಡಿಗೂ ನಾಲ್ಕು ಕಾಸು ಹೆಚ್ಚಿಗೆ ಬರುತ್ತೆ," ಅನ್ನುತ್ತಿದ್ದ. ಸಹಿ ಹಾಕದಿದ್ದವರು ಒಬ್ಬರೇ, ಅಕ್ಕನ ಮನೆ ಮಾಲೀಕರು. "ಧೂಳು, ಗಲಾಟೆ, ಕಳ್ಳಕಾಕರು. ನಂಗೆ ಬೇಡಮ್ಮ ಆ ಉಸಾಬರಿ," ಅಂದಿದ್ದರು.

ಮೂರು ವರ್ಷ ಅಕ್ಕ ಕಚೇರಿಗಳ ಮೆಟ್ಟಿಲು ಸವೆಸಿದಳು. ವಾರದ ರಜೆಯೆಲ್ಲ ಬೆಂಚಿನ ಮೇಲೆ ಕಳೆಯಿತು. ಗುಮಾಸ್ತರೇ ಅವಳಿಗೆ ಅರ್ಜಿಯಕ್ಕ ಅಂತ ಹೆಸರಿಟ್ಟರು. "ಊರ ಚಿಂತೆ ನಿನಗ್ಯಾಕೆ, ಮನೇಲಿ ಒಲೆ ಹಚ್ಚೋರಿಲ್ಲ," ಅಂತ ಗಂಡ ಗೊಣಗಿದ. ಕೊನೆಗೆ ನಿಲ್ದಾಣ ಮಂಜೂರಾಯಿತು. ಅವತ್ತು ಅಕ್ಕ ಕುಣಿಯೋದೊಂದು ಬಾಕಿ.

ನಕ್ಷೆ ಬಂದಾಗ ನೋಡಿದರೆ, ನಿಲ್ದಾಣದ ಮೆಟ್ಟಿಲು ಇಳಿಯುವುದು ದರ್ಜಿಯ ಅಂಗಡಿಯ ಮೇಲೆಯೇ. ಪರಿಹಾರ ಕಟ್ಟಡದ ಒಡೆಯನಿಗೆ ಹೋಯಿತು. ಬಾಡಿಗೆದಾರನಿಗೆ ಸಿಕ್ಕಿದ್ದು ಖಾಲಿ ಮಾಡಲು ಒಂದು ನೋಟೀಸು. ಅಕ್ಕ ಅವನಿಗಾಗಿ ಇನ್ನೊಂದು ಅರ್ಜಿ ಹಿಡಿದು ಓಡಾಡಿದಳು. ಈ ಸಲ ಯಾರೂ ಬೆಂಚು ತೋರಿಸಿ ಕೂತ್ಕೊಳ್ಳಿ ಅನ್ನಲಿಲ್ಲ. ದರ್ಜಿ ಯಂತ್ರಗಳನ್ನು ಕೈಗಾಡಿಗೆ ಏರಿಸುತ್ತಾ, "ನನ್ನ ಅಂಗಡಿ ಕೆಡವೋಕೆ ನಾನೇ ಕೈಯಾರೆ ಸಹಿ ಹಾಕಿ ಕೊಟ್ಟೆ," ಅಂದನಂತೆ. ಅವಳ ಮುಖ ನೋಡಲಿಲ್ಲವಂತೆ.

ಉದ್ಘಾಟನೆಯ ದಿನ ಮನೆ ಮಾಲೀಕರು ವೇದಿಕೆ ಮೇಲಿದ್ದರು. "ಇದು ನಮ್ಮೆಲ್ಲರ ಹೋರಾಟದ ಫಲ," ಅಂತ ಮೈಕಿನಲ್ಲಿ ಹೇಳಿದರು. ಅಕ್ಕ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಭಾಷಣ ಮುಗಿದರೆ ಕೈ ತಟ್ಟೋ ಅಭ್ಯಾಸ ಬಲ.

ಆಮೇಲೆ ಏಳು ತಿಂಗಳು ಅವಳು ಇಪ್ಪತ್ತೈದೇ ನಿಮಿಷದಲ್ಲಿ ಕೆಲಸಕ್ಕೆ ಬಂದಳು. ಸುಳ್ಳು ಯಾಕೆ ಹೇಳಲಿ, ಆ ಏಳು ತಿಂಗಳು ಅವಳ ಮುಖದಲ್ಲಿ ಬೇರೆಯೇ ಕಳೆ ಇತ್ತು. ಒಂದು ಸಲವೂ ಚಾದರದ ತುದಿ ಬಿಡಲಿಲ್ಲ.

ಎಂಟನೆಯ ತಿಂಗಳು ಮಾಲೀಕರು ಬಂದು ಬಾಗಿಲಲ್ಲೇ ನಿಂತರು. ಮನೆ ಕೆಡವಿ, ಆಫೀಸಿಗೆ ಹೋಗುವವರಿಗೆ ಸಣ್ಣ ಸಣ್ಣ ರೂಮು ಕಟ್ಟಿಸುತ್ತಾರಂತೆ.

"ಹತ್ತೊಂಬತ್ತು ವರ್ಷದಿಂದ ಇದ್ದೀವಲ್ಲ ಯಜಮಾನ್ರೇ," ಅಂದಳು ಅಕ್ಕ.

"ಸ್ಟೇಷನ್ ಪಕ್ಕದ ಜಾಗದ ಬೆಲೆ ನಿಮಗೆ ಹೇಳಿಕೊಡಬೇಕೇನಮ್ಮಾ? ತಂದವರೇ ನೀವು," ಅಂದರು ಅವರು. ವ್ಯಂಗ್ಯವೇನಲ್ಲ, ಮೆಚ್ಚಿಯೇ ಹೇಳಿದರಂತೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವಿಗೆ ವಾಸ ಅಂತ ಸುಮ್ಮನೆ ಹೇಳಿಲ್ಲ.

ಆ ಮಾರ್ಗದ ಉದ್ದಕ್ಕೂ ಅಕ್ಕನ ಕೈಗೆಟುಕುವ ಮನೆ ಒಂದೂ ಇರಲಿಲ್ಲ. ಕೊನೆಯ ನಿಲ್ದಾಣದಿಂದಾಚೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ಎರಡು ಕೋಣೆ ಸಿಕ್ಕಿತು. ಮೊದಲು ಬಸ್ಸು, ಆಮೇಲೆ ರೈಲು, ಆಮೇಲೆ ನಡಿಗೆ. ಈಗ ಒಂದೂಮುಕ್ಕಾಲು ಗಂಟೆ. ಗಂಡ ಪಾತ್ರೆ ಪಗಡಿಯೆಲ್ಲ ತಾನೇ ಮೂಟೆ ಕಟ್ಟಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅಂದಳು ಅಕ್ಕ.

ಒಂದು ದಿನ ರೈಲಿನಲ್ಲಿ ದರ್ಜಿ ಸಿಕ್ಕಿದ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರು ಹೊಲಿಯುವ ಕೆಲಸವಂತೆ, ದಿನವಿಡೀ ಬರೀ ಕಾಲರು. ಅಕ್ಕನನ್ನು ಕಂಡು ಎದ್ದು ಸೀಟು ಬಿಟ್ಟುಕೊಟ್ಟ. ಅಕ್ಕ ಕೂರಲಿಲ್ಲ. "ತಮ್ಮಾ, ನನ್ನಿಂದ ನಿನಗೆ..." ಅಂತ ಬಾಯಿ ತೆರೆದಳು.

"ಕ್ಷಮಿಸು ಅಂತ ಮಾತ್ರ ಕೇಳಬೇಡಿ ಅಕ್ಕಾ," ಅಂದ ಅವನು ಮೆಲ್ಲಗೆ. "ಕೇಳಿದ್ರೆ ನಾನು ಹೂಂ ಅನ್ನಬೇಕಾಗುತ್ತೆ. ಅನ್ನೋಕೆ ನಂಗೆ ಮನಸ್ಸಿಲ್ಲ."

ಮುಂದಿನ ನಿಲ್ದಾಣದಲ್ಲಿ ಅವನು ಇಳಿದ. ಹೋಗಲಿ, ಅವನ ಜಾಗ ಬಂತೇನೋ ಅಂದುಕೊಂಡಳು ಅಕ್ಕ. ಬಾಗಿಲು ಮುಚ್ಚುವ ಮೊದಲು ನೋಡುತ್ತಾಳೆ, ಅವನು ಓಡಿಹೋಗಿ ಪಕ್ಕದ ಬೋಗಿಗೆ ಹತ್ತುತ್ತಿದ್ದ.