ಬೀರಣ್ಣನ ಮನೆಗೆ ಬಾಗಿಲಿಲ್ಲ

ಬೀರಣ್ಣ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಸೀಟಿ ಊದುತ್ತಿದ್ದ. ಕಾರವಾರ, ಅಂಕೋಲೆ, ಕೇಣಿ ಎಂದು ಬಸ್ಸಿನಲ್ಲಿ ಕಂಡಕ್ಟರನಾಗಿ ಆಯುಷ್ಯ ಸವೆಸಿ, ನಿವೃತ್ತಿಯ ದಿನ ಚೀಲ, ಟಿಕೆಟಿನ ಯಂತ್ರ ಎಲ್ಲ ಒಪ್ಪಿಸಿ ಬಂದವನು ಸೀಟಿಯೊಂದನ್ನು ಮಾತ್ರ ಕೊರಳಲ್ಲೇ ಉಳಿಸಿಕೊಂಡ. ಅಂಗಳದಲ್ಲಿ ನಿಂತು ಒಂದು ಸಲ ಊದಿದನೆಂದರೆ ನಿಲ್ಲಬೇಕು. ಎರಡು ಸಲ ಊದಿದನೆಂದರೆ ಹೊರಡಬೇಕು. ನಮ್ಮ ಕೇರಿಯ ನಾಯಿಗಳಿಗೂ ಇದು ಗೊತ್ತಿತ್ತು. ಪಂಚಾಯತಿ ಮೆಂಬರ್ ಗಣಪತಿಗೆ ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ.

ಉದ್ದದ ಆಳು. ಮೇಲೆ ಖಾಕಿ ಅಂಗಿ, ಕೆಳಗೆ ಪಂಜಿ. ತುಂಬಿದ ಬಸ್ಸಿನಲ್ಲಿ ಜನರ ಸಂದಿಯಲ್ಲಿ ಜಾರಿಕೊಂಡು ಹೋಗಿ ಹೋಗಿ, ಬಯಲಿನಲ್ಲಿ ನಡೆಯುವಾಗಲೂ ಒಂದು ಭುಜ ಮುಂದೆ ಮಾಡಿ ಅಡ್ಡಡ್ಡ ನಡೆಯುತ್ತಿದ್ದ. ಊಟದ ಪಂಕ್ತಿಯಲ್ಲಿ ಕೂತರೂ "ಹಿಂದೆ ಸರೀರಿ, ಹಿಂದೆ ಸರೀರಿ, ಜಾಗ ಅದೆ" ಅನ್ನುತ್ತಿದ್ದ. ಸಿಟ್ಟು ಅವನ ಹುಟ್ಟುಗುಣ. ಸೆಖೆ ಬಂದರೆ ಸೂರ್ಯನ ಮೇಲೆ ಸಿಟ್ಟು, ಬಂಗಡೆ ಸಿಗದಿದ್ದರೆ ಸಮುದ್ರದ ಮೇಲೆ ಸಿಟ್ಟು. ಮಳೆಯ ಬಗ್ಗೆ ಅವನು ಹೇಳಿದ ಮಾತು ಒಂದೂ ನಿಜವಾದದ್ದಿಲ್ಲ. "ಇವತ್ತ ಮಳೆ ಇಲ್ಲ ಅತ್ಗೆ, ಮೀನ ಒಣಸು" ಎಂದನೆಂದರೆ ನಾನು ಚಾಪೆ ಸುತ್ತಿ ಒಳಗಿಡುತ್ತಿದ್ದೆ. ನನ್ನ ಗಂಡನಿಗೆ ದೂರದಿಂದ ತಮ್ಮ ಆಗಬೇಕು, ಹಾಗಾಗಿ ನಾನು ಅತ್ತಿಗೆ.

ಎಲ್ಲಕ್ಕಿಂತ ದೊಡ್ಡ ಸಿಟ್ಟು ಕರೆಂಟಿನ ಮೇಲೆ. "ಕದ್ರಾ ಡ್ಯಾಮಿಂದ ಹೊಂಟ ಕರೆಂಟ ಎಕ್ಸ್‌ಪ್ರೆಸ್ ಗಾಡಿ ಹೋದಂಗೆ ನಮ್ಮ ತಲೆ ಮೇಲಿಂದ ಹೋತದೆ. ನಮ್ಮ ಸ್ಟಾಪಿಗೆ ನಿಲ್ಲೂದೇ ಇಲ್ಲ" ಅನ್ನುತ್ತಿದ್ದ. ಗಾಳಿ ಬೀಸಿದರೆ ಹೋಗುವ ಕರೆಂಟು, ಗಾಳಿ ನಿಂತು ವಾರವಾದರೂ ಬಾರದ ಕರೆಂಟು. ಹೆಂಡತಿ ತೀರಿಕೊಂಡ ಮೇಲೆ ಅವನ ಜೊತೆ ಜಗಳಕ್ಕೆ ಉಳಿದದ್ದು ಅದೊಂದೇ ಇರಬೇಕು.

ನಾನು ಮೂರನೇ ಇಯತ್ತೆ ಕಲಿತವಳು. ಬರೆಯುವುದು ನನ್ನ ಕಸುಬಲ್ಲ. ಆದರೆ ಈ ವಾರ ನನ್ನ ಮೊಮ್ಮಗಳ ಬಾಯಿಗೆ ಮೊದಲ ತುತ್ತು ಅನ್ನ ಮುಟ್ಟಿಸಿದೆವು, ನಮ್ಮದೇ ಗದ್ದೆಯ ಅನ್ನ. ಆ ಸಂತೋಷ ನನ್ನ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಗಂಜಿ ಉಕ್ಕಿದರೆ ಒಲೆಯೂ ಬುಸುಗುಡುತ್ತದೆ. ಹಾಗೆ ಸಂತೋಷದ ಹಿಂದೆಯೇ ನನಗೆ ಸಿಟ್ಟೂ ಬರುತ್ತದೆ, ಯಾಕೆಂದರೆ ಆ ತುತ್ತು ಮಗುವಿನ ಬಾಯಿಗೆ ಬಾರದೇ ಹೋಗುವುದು ಸ್ವಲ್ಪದರಲ್ಲೇ ತಪ್ಪಿತು.

ನಮ್ಮ ಕೇರಿ ಅವರ್ಸಾದಿಂದ ಈಚೆ, ಹಳ್ಳ ಸಮುದ್ರ ಸೇರುವಲ್ಲಿ. ಹಳ್ಳದ ದಂಡೆಯ ತಗ್ಗಿನ ಗದ್ದೆಗೆ ಗಜನಿ ಅನ್ನುತ್ತೇವೆ. ಭರತಿ ಬಂದರೆ ಉಪ್ಪುನೀರು ಏರುವ ಜಾಗ. ಅಲ್ಲಿ ಬೆಳೆಯುವುದು ಕಗ್ಗ ಭತ್ತ ಒಂದೇ. ಕಗ್ಗ ಅಷ್ಟಿಷ್ಟು ಉಪ್ಪು ತಾಳುತ್ತದೆ. ತಾಳುತ್ತದೆಂದು ದಿನವೂ ಕುಡಿಸಿದರೆ ಅದೂ ಕೊಳೆಯುತ್ತದೆ. ಅದಕ್ಕೇ ಗದ್ದೆಗೂ ಹಳ್ಳಕ್ಕೂ ನಡುವೆ ಮಣ್ಣಿನ ಒಡ್ಡು, ಒಡ್ಡಿನ ಬಾಯಿಗೆ ಜಂತ್ರಡಿ. ಎರಡು ಬದಿಯ ಕಲ್ಲುಕಂಬಗಳ ಸೀಳಿನಲ್ಲಿ ಮರದ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವುದು, ಎರಡು ಸಾಲು ಹಲಗೆಗಳ ನಡುವೆ ಜೇಡಿಮಣ್ಣು ತುಳಿಯುವುದು. ನೀರು ಇಳಿದಾಗ ಹಲಗೆ ಎತ್ತಿ ಗದ್ದೆಯ ಮಳೆನೀರು ಹೊರಗೆ ಬಿಡುವುದು, ಭರತಿ ಬರುವ ಮೊದಲು ಮುಚ್ಚುವುದು. ಗಂಡಸರು ಹಲಗೆ ಹೊತ್ತರೆ ಹೆಂಗಸರು ಮಣ್ಣು ಹೊರಬೇಕು. ಗದ್ದೆ ಇದ್ದವರು ಇಲ್ಲದವರು ಎಂಬ ಭೇದವಿಲ್ಲ, ಒಡ್ಡಿನ ಒಳಗೇ ಕೇರಿಯ ಸಿಹಿನೀರಿನ ಬಾವಿ ಇದೆಯಲ್ಲ. ಬೀರಣ್ಣನಿಗೆ ಗಜನಿಯಲ್ಲಿ ಅಂಗೈಯಗಲ ಗದ್ದೆಯೂ ಇರಲಿಲ್ಲ. ಆದರೂ ಬರದವರ ಅಂಗಳದಲ್ಲಿ ನಿಂತು ಸೀಟಿ ಊದುತ್ತಿದ್ದವನು ಅವನೇ. "ಈ ಬಾವಿ ನೀರ ಕುಡೀತೀರಿ ಹೌದೋ ಅಲ್ಲೋ? ಟಿಕೆಟ್ ಇಲ್ದೆ ಕೂರೂ ಹಂಗಿಲ್ಲ. ಬುಟ್ಟಿ ಹಿಡೀರಿ."

ಈಗ ಸಮುದ್ರ ಮೊದಲಿನಂತಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಮಾತ್ರ ಒಡ್ಡಿನ ತಲೆ ಮುಟ್ಟುತ್ತಿದ್ದ ನೀರು ನಡುವೆಯೂ ಮುಟ್ಟುತ್ತದೆ. ಮಳೆಯೂ ಹಾಗೆ. ಬಾರದಿದ್ದರೆ ಬಾರದು, ಬಂದರೆ ಕೊಡ ಮಗುಚಿದಂತೆ. ಹಲಗೆ ಸಾಲದು ಎಂದು ಹೊಸ ಕಬ್ಬಿಣದ ಗೇಟು ತಂದು ಹಳೆ ಕಲ್ಲುಕಂಬಗಳ ಹಿಂದೆಯೇ ಕೂರಿಸಿದರು. ಅದಕ್ಕೆ ಕರೆಂಟಿನ ಮೋಟರು. ಗಣಪತಿ ತೆಂಗಿನಕಾಯಿ ಒಡೆದು ಗುಂಡಿ ಒತ್ತಿದ. "ಇನ್ನ ಯಾರೂ ಕೆಸರ ಮುಟ್ಟೂದು ಬೇಡ" ಎಂದ. ಜನ ಚಪ್ಪಾಳೆ ತಟ್ಟಿದರು.

ಬೀರಣ್ಣ ಒಂದು ಸೀಟಿ ಊದಿದ. "ಕರೆಂಟ ಹೋದ್ರೆ?"

"ಹೋದ್ರೆ ಬತ್ತದೆ ಬೀರಣ್ಣ."

"ಅಲ್ಲೀವರೆಗೆ ಭರತಿ ಎಲ್ಲಿ, ಬಸ್‌ಸ್ಟ್ಯಾಂಡಲ್ಲಿ ಕೂತಿರ್ತದಾ?"

ಕೈಯಿಂದ ತಿರುಗಿಸುವ ಒಂದು ಹಿಡಿಕೆಯೂ ಆ ಗೇಟಿಗೆ ಇತ್ತಂತೆ. ಯಾರಾದರೂ ಕದ್ದಾರು ಎಂದು ಕಾರವಾರದ ಗುತ್ತಿಗೆದಾರ ಅದನ್ನು ತನ್ನ ಮನೆಯಲ್ಲಿ ಬೀಗ ಹಾಕಿ ಇಟ್ಟಿದ್ದ. ಈ ಜಾಣತನಕ್ಕೆ ಏನು ಹೇಳಬೇಕು. ನಮ್ಮ ಕೇರಿಯವರು ಹಲಗೆ ಕದಿಯುವವರಾಗಿದ್ದರೆ ಇಷ್ಟು ವರ್ಷ ಗಜನಿ ಉಳಿಯುತ್ತಿತ್ತೇ?

ಕದಿಯುವುದಿಲ್ಲ ಎಂದೆ. ಹೋಳಿಯ ಹೊತ್ತಿನಲ್ಲಿ ಮಾತ್ರ ಕದಿಯುತ್ತೇವೆ, ಅದು ಪದ್ಧತಿ. ಕಾಮನನ್ನು ಸುಡುವ ಕಟ್ಟಿಗೆಯನ್ನು ಯಾರ ಹಿತ್ತಲಿಂದ ಎತ್ತಿ ತಂದರೂ ಕೇಳುವಂತಿಲ್ಲ. ರಾಶಿಗೆ ಬಿದ್ದದ್ದನ್ನು ಮರಳಿ ತೆಗೆದರೆ ಕೇರಿಗೆ ಕೇಡು. ಹೋದ ವರ್ಷದ ಹೋಳಿ ಹಬ್ಬಕ್ಕೆ, ಗೇಟು ಬಂತಲ್ಲ ಇನ್ನೇಕೆ ಎಂದು, ಜಂತ್ರಡಿಯ ಹಲಗೆಗಳನ್ನೆಲ್ಲ ಒಯ್ದು ಕಾಮನ ರಾಶಿಗೆ ಒಟ್ಟಿಬಿಟ್ಟರು. ನೀರಲ್ಲಿ ನೆನೆದು ಕಬ್ಬಿಣದಂತಾದ ಹಲಗೆಗಳು, ನಮ್ಮ ಮಾವನ ಕಾಲದವು.

ಸುದ್ದಿ ಕೇಳಿ ಬೀರಣ್ಣ ಬಂದ. ಇಳಿಬಿಸಿಲಿನ ಹೊತ್ತು. ಬಂದವನೇ ರಾಶಿ ಹತ್ತಿ ಹಲಗೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಉದ್ದಕ್ಕೆ ಒಂದು ಸೀಟಿ ಊದಿದ.

"ಇಳೀ ಬೀರಣ್ಣ, ಕಾಮಂದು ಅದು" ಎಂದ ಬುಧವಂತ. ಬುಧವಂತ ಎಂದರೆ ನಮ್ಮ ಕೇರಿಯ ನ್ಯಾಯ ಹೇಳುವ ಹಿರಿಯ.

"ನನ್ನೂ ಸೇರ್ಸಿ ಸುಡ್ರಿ. ಟಿಕೆಟ್ ಕೇಳೂದಿಲ್ಲ."

ಗಣಪತಿ ನಕ್ಕ. "ಹಳೇ ಹಲಗೆ ಮೇಲೆ ಇಷ್ಟ ಪ್ರೀತಿ ಇದ್ರೆ ನಿಂದೇ ಏನಾರೂ ಕೊಡು ಮಾರಾಯಾ ಕಾಮಂಗೆ."

ತಮಾಷೆಗೆ ಅಂದ ಮಾತು. ಬುಧವಂತ ಮಾತ್ರ ತಲೆ ಕೆರೆದುಕೊಂಡು, ತೆಗೆಯುವಂತಿಲ್ಲ, ಆದರೆ ಬದಲಿ ಕೊಟ್ಟರೆ ಕೇಡಿಲ್ಲ ಎಂದುಬಿಟ್ಟ. ಬೀರಣ್ಣ ಇಳಿದು ಅಡ್ಡಡ್ಡ ನಡೆಯುತ್ತ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ತನ್ನ ಮುಂಬಾಗಿಲಿನ ಎರಡೂ ರೆಕ್ಕೆ ಕಿತ್ತು ಹೊತ್ತುಕೊಂಡು ಬಂದ. ಹಲಸಿನ ಮರದ ಬಾಗಿಲು, ಹೆಂಡತಿ ಪ್ರತಿ ಹಬ್ಬಕ್ಕೂ ಎಣ್ಣೆ ಒರೆಸುತ್ತಿದ್ದ ಬಾಗಿಲು. ರಾಶಿಯ ಮೇಲೆ ಎಸೆದ. ಹಲಗೆಗಳನ್ನು ಒಂದೊಂದಾಗಿ ಇಳಿಸಿ ತನ್ನ ಮನೆಯೊಳಗೆ ಸಾಗಿಸಿದ. ಯಾರೂ ಕೈ ಹಾಕಲಿಲ್ಲ. ನಕ್ಕವರಿಗೇನೂ ಕೊರತೆಯಿರಲಿಲ್ಲ.

"ಬಾಗ್ಲ ಇಲ್ದೆ ಹೆಂಗೆ ಇರ್ತ್ಯೋ? ನಾಯಿ ಹೊಕ್ರೆ?" ಎಂದು ಕೇಳಿದೆ.

"ನಾಯಿ ಹೊಕ್ರೆ ಹಚಾ ಅಂದ್ರೆ ಹೋತದೆ ಅತ್ಗೆ. ಉಪ್ಪನೀರ ಹೊಕ್ರೆ ಹಚಾ ಅಂದ್ರೆ ಹೋತದಾ?"

ಬಾಗಿಲಿನ ಜಾಗಕ್ಕೆ ಗೋಣಿತಟ್ಟು ಕಟ್ಟಿಕೊಂಡ. ಕೇರಿ ಅವನಿಗೆ ಗೋಣಿ ಕಂಡಕ್ಟರ್ ಎಂದು ಹೆಸರಿಟ್ಟಿತು. ಈಗ ನೆನೆದರೂ ನನ್ನ ಮೈ ಉರಿಯುತ್ತದೆ. ಮನೆಯ ಬಾಗಿಲು ಕೊಟ್ಟವನು ಹುಚ್ಚ, ಕೇರಿಯ ಬಾಗಿಲು ಸುಡಲು ಹೊರಟವರು ಶಾಣ್ಯಾರು.

ಶ್ರಾವಣದಲ್ಲಿ ಆ ಮಳೆ ಬಂತು. ಕಗ್ಗ ಮೊಣಕಾಲುದ್ದ ಎದ್ದಿತ್ತು. ನನ್ನ ಸೊಸೆಗೆ ದಿನ ತುಂಬುತ್ತ ಬಂದಿತ್ತು. ಗದ್ದೆಯಲ್ಲಿ ನಿಂತ ಮಳೆನೀರು ಹೊರಹೋಗಲಿ ಎಂದು ಬೆಳಿಗ್ಗೆ ಗುಂಡಿ ಒತ್ತಿ ಗೇಟು ಎತ್ತಿದ್ದರು. ಅಷ್ಟರಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಗೇಟು ಎತ್ತಿದಲ್ಲೇ ನಿಂತಿತು. ಮಧ್ಯಾಹ್ನ ಅಮಾವಾಸ್ಯೆಯ ಭರತಿ ಬರಬೇಕು. ನಳದ ನೀರು ಕರೆಂಟಿನ ಜೊತೆಗೇ ನಿಂತಿತ್ತು, ಇನ್ನು ಬಾವಿಗೆ ಉಪ್ಪು ಹೊಕ್ಕರೆ ಬಾಣಂತಿಗೆ ಕುಡಿಯಲು ಏನು ಕೊಡುವುದು? ಗಣಪತಿ ಒಡ್ಡಿನ ಮೇಲೆ ನಿಂತು ಮೊಬೈಲು ಮೇಲೆ ಕೆಳಗೆ ಮಾಡುತ್ತಿದ್ದ. ಟವರೂ ಸತ್ತಿತ್ತು. ಹಿಡಿಕೆ ಕಾರವಾರದಲ್ಲಿ, ಬೀಗದೊಳಗೆ.

ಆಗ ಸೀಟಿ ಕೇಳಿತು. ಎರಡು, ಮತ್ತೆ ಎರಡು, ಮತ್ತೆ ಎರಡು. ಆ ಗಾಳಿಮಳೆಯಲ್ಲಿ ಮನುಷ್ಯರ ಕೂಗು ಪಕ್ಕದ ಮನೆಗೂ ಮುಟ್ಟುತ್ತಿರಲಿಲ್ಲ, ಸೀಟಿ ಕೇರಿಯ ತುದಿಗೆ ಮುಟ್ಟಿತು. ಜನ ಬಂದರು. ಗೋಣಿತಟ್ಟು ಸರಿಸಿ ಹಲಗೆ ಎತ್ತಿಕೊಂಡರು. ನಕ್ಕವರೂ ಎತ್ತಿದರು.

ಇಷ್ಟಾಗಿಯೂ ಕೆಲಸ ಕೆಟ್ಟಿತು. ಹಲಗೆಗಳು ಎಲ್ಲ ಒಂದೇ ಅಳತೆಯವಲ್ಲ. ಯಾವುದರ ಮೇಲೆ ಯಾವುದು ಎಂಬ ಲೆಕ್ಕವಿದೆ. ಬೀರಣ್ಣ ಜೋರು ದನಿಯಲ್ಲಿ ಹೇಳಿದ ಕ್ರಮವೆಲ್ಲ ತಪ್ಪು. ಮೂರನೆಯದು ಸೀಳಿನಲ್ಲಿ ಓರೆಯಾಗಿ ಸಿಕ್ಕಿಬಿತ್ತು. ಹಳ್ಳದ ನೀರು ಕೆಂಪಗೆ ತಿರುಗಿ ಏರತೊಡಗಿತು. ಅವನು ಒಂದು ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದ.

"ನಂಗೆ ಗೊತ್ತಿಲ್ಲ" ಎಂದ. "ಕಂಡಕ್ಟರ್ ಗಾಡಿ ಓಡ್ಸೂದಿಲ್ಲ. ಯಾರಿಗೆ ಗೊತ್ತದೆ ಅವ್ರ ಮುಂದೆ ಬನ್ನಿ."

ನಾವು ಹೆಂಗಸರು ಬುಟ್ಟಿ ಕೆಳಗಿಟ್ಟೆವು. ವರ್ಷವರ್ಷ ಆ ಹಲಗೆಗಳ ಸಂದಿಗೆ ಮಣ್ಣು ತುರುಕಿದ ಕೈಗಳು ನಮ್ಮವು. ಗಂಟಿರುವುದು ಅಡಿಗೆ, ಬಾಗಿದ್ದು ಅದರ ಮೇಲೆ, ಸೀಳು ಬಿಟ್ಟದ್ದು ಎಲ್ಲಕ್ಕಿಂತ ಮೇಲೆ, ಅಲ್ಲಿ ನೀರಿನ ಒತ್ತು ಕಡಿಮೆ. ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ಹೇಳಿದಳು. ಸಿಕ್ಕಿಬಿದ್ದ ಹಲಗೆಯನ್ನು ಗಂಡಸರು ನೀರಿಗಿಳಿದು ಎತ್ತಿದರು. ಗಣಪತಿಯೂ ಇಳಿದ, ಪ್ಯಾಂಟು ಹಾಕಿಕೊಂಡೇ. ಕೊನೆಯ ಹಲಗೆ ಕೂತು, ಅದರ ಸಂದಿಗೆ ನಾನು ಮಣ್ಣು ಒತ್ತುವಾಗ ಭರತಿ ನನ್ನ ಮಣಿಕಟ್ಟು ಮುಟ್ಟುತ್ತಿತ್ತು. ಹಲಗೆ ನಡುಗಿತು, ನಿಂತಿತು. ಒಡ್ಡಿನ ಈಚೆ ಬಾವಿಯ ನೀರನ್ನು ಬೀರಣ್ಣ ಬೊಗಸೆಯಲ್ಲಿ ಎತ್ತಿ ಕುಡಿದು, "ಸಪ್ಪೆ ಅದೆ" ಎಂದ. ಅದು ಅವನ ಬಾಯಲ್ಲಿ ಕೇಳಿದ ಒಂದೇ ಹೊಗಳಿಕೆಯ ಮಾತು.

ಕರೆಂಟು ಬರುವವರೆಗೆ ದಿನವೂ ಹಲಗೆ ಎತ್ತಿದೆವು, ಇಳಿಸಿದೆವು. ಆ ಬಾವಿಯ ನೀರನ್ನೇ ಕಾಯಿಸಿ ನನ್ನ ಮೊಮ್ಮಗಳಿಗೆ ಮೊದಲ ಸ್ನಾನ ಮಾಡಿಸಿದೆ. ಕೆಂಪಗೆ, ಮುಷ್ಟಿ ಬಿಗಿಹಿಡಿದು, ಕೇರಿ ಕೇಳುವಂತೆ ಅತ್ತಳು. "ಇದ್ಕೆ ಸೀಟಿ ಬೇಡ" ಎಂದ ಬೀರಣ್ಣ, ತನ್ನ ಮನೆಯ ಗೋಣಿತಟ್ಟಿನ ಆಚೆಯಿಂದ.

ಆಮೇಲೆ ಗೇಟಿನ ಮುಂದೆ ಶಾಮಿಯಾನಾ ಹಾಕಿದರು. ಗಣಪತಿ ಮೈಕು ಹಿಡಿದು, ಎಂಥ ಮಳೆಗೂ ಜಗ್ಗದ ನಮ್ಮ ಗೇಟು ಎಂದ. ಇಸ್ತ್ರಿ ಮಾಡಿದ ಪ್ಯಾಂಟು, ಕೆಸರಿನ ಕುರುಹೂ ಇಲ್ಲ. ಹಲಗೆಯ ಮಾತಿಲ್ಲ, ಹೆಂಗಸರ ಮಾತಿಲ್ಲ, ಬೀರಣ್ಣನ ಹೆಸರಂತೂ ಇಲ್ಲ. ಹಿಂದಿನ ಸಾಲಿನಿಂದ ಎರಡು ಸೀಟಿ ಕೇಳಿತು. ಎಲ್ಲರಿಗೂ ಅರ್ಥ ಗೊತ್ತು, ನಾವು ಎದ್ದು ಹೊರಟೆವು. ಗಣಪತಿ ಖಾಲಿ ಕುರ್ಚಿಗಳಿಗೆ ಭಾಷಣ ಮುಗಿಸಿದನಂತೆ.

ಕಗ್ಗ ಕೊಯ್ದ ಮೇಲೆ ಬೀರಣ್ಣನಿಗೆ ಕೆಮ್ಮು ಹಿಡಿಯಿತು. ಗೋಣಿತಟ್ಟಿನ ಸಂದಿಯಿಂದ ಚಳಿ ಬರುತ್ತದೆ, ಬಾಗಿಲು ಮಾಡಿಸು ಎಂದು ಗಂಜಿ ಕೊಡಲು ಹೋದಾಗ ಬಯ್ದೆ. ಗೋಡೆಗೆ ಒರಗಿಸಿಟ್ಟ ಹಲಗೆಗಳ ಪಕ್ಕ ಚಾಪೆ ಹಾಸಿ ಮಲಗಿದ್ದ.

"ಬಾಗ್ಲ ಹಾಕ್ದೆ ಅಂದ್ರೆ ಬೀಗ ಹಾಕ್ತೆ ಅತ್ಗೆ. ಮನಷ್ಯನ ಬುದ್ಧಿ ಅದು. ಬೀಗ ಹಾಕ್ದೆ ಅಂದ್ರೆ ಒಂದಿನ ಕಾರವಾರಕ್ಕೆ ಹೋಗಿರ್ತೆ. ಅವತ್ತೇ ಭರತಿ ಬತ್ತದೆ." ಕೆಮ್ಮಿದ. "ನಾ ಇಲ್ದಿದ್ರೂ ನೀವು ಒಳಗೆ ಬರೂಕಾಗ್ಬೇಕು. ಅಷ್ಟೇ."

ಅದೇ ಕೊನೆಯ ಮಾತು. ಮಾಘದಲ್ಲಿ ಹೋದ. ಹೊರಗೆ ತರುವಾಗ ಬಾಗಿಲು ಅಡ್ಡ ಬರಲಿಲ್ಲ.

ಈಗ ಹಲಗೆ ನೋಡಲು ಹೊರಗಿನವರು ಬರತೊಡಗಿದ್ದಾರೆ, ಫೋಟೋ ತೆಗೆಯುತ್ತಾರೆ. ಗಣಪತಿಗೆ ಹಲಗೆಯ ಮೇಲೆ ಒಮ್ಮೆಲೇ ಪ್ರೀತಿ. ಈ ವಾರ ಬೀರಣ್ಣನ ಮನೆಗೆಂದು ಕಬ್ಬಿಣದ ಬಾಗಿಲು ಹೇರಿಕೊಂಡು ಬಂದ. ಬೀಗ ಹಾಕಿ ಕೀಲಿಕೈ ತಾನು ಇಟ್ಟುಕೊಳ್ಳುತ್ತಾನಂತೆ, ನೋಡಲು ಬಂದವರಿಗೆ ತೆಗೆದು ತೋರಿಸುತ್ತಾನಂತೆ. ನಾನು ಮೊಮ್ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಹೋಗಿ ಬಾಗಿಲಿಲ್ಲದ ಆ ಬಾಗಿಲಲ್ಲಿ ಕೂತೆ.

"ನೀ ದಿನಾ ಅಂಕೋಲೆಗೆ ಹೋಗೂಂವ. ಭರತಿ ಬಂದ್ರೆ ಕೀಲಿಕೈ ಯಾರ ತಾವ ಕೇಳೂದು?"

"ಸಾಮಾನ ಹೋದ್ರೆ ನಾಗಕ್ಕ?"

"ಅಂವ ಇರೂವರೆಗೆ ಹೋಗ್ಲಿಲ್ಲ. ಹೋಗೂಕೆ ಹೊರಟಿದ್ದು ಒಂದೇ ಸಲ, ನೀನೂ ನಗತಾ ನಿಂತಿದ್ದೆ."

ಕಬ್ಬಿಣದ ಬಾಗಿಲು ಬಂದ ಗಾಡಿಯಲ್ಲೇ ತಿರುಗಿ ಹೋಯಿತು. ಸೀಟಿಯನ್ನು ನಾವು ಚೌಕಟ್ಟಿನ ಮೊಳೆಗೆ ತೂಗುಹಾಕಿದ್ದೇವೆ, ಯಾರ ಕೈಗಾದರೂ ಸಿಗುವಷ್ಟು ಕೆಳಗೆ.

ಮಾರನೆಯ ದಿನ ಅದೇ ಹೊಸ್ತಿಲ ಮೇಲೆ ಕೂತು ಮಗುವಿಗೆ ಅನ್ನ ಮುಟ್ಟಿಸಿದೆವು. ಕೆಂಪು ಕಗ್ಗದ ಅನ್ನ ಬೆಣ್ಣೆಯಂತೆ ನುರಿದು ನಾಲಗೆಗೆ ಸವರಿದೆ. ಹುಬ್ಬು ಗಂಟಿಕ್ಕಿ, ಥೇಟ್ ಬೀರಣ್ಣನ ಹಾಗೆ ನನ್ನನ್ನು ನೋಡಿದಳು. ಹಿಂದೆ ಗೋಣಿತಟ್ಟು ಸಮುದ್ರದ ಗಾಳಿಗೆ ಹಾರುತ್ತಿತ್ತು. ಚಪ್ಪರಿಸಿದಳು. ಆಮೇಲೆ, ತಡವಾಯಿತೆಂದು ಸಿಟ್ಟು ಬಂದವಳಂತೆ, ಎರಡನೆಯ ತುತ್ತಿಗೆ ಬಾಯಿ ತೆರೆದಳು.